ರೋಗಿಯ ತಲೆದೆಸೆಯಲ್ಲಿ

(ವಿಶ್ವ ಅರಿವಳಿಕೆ ದಿನದಂದು ವೈದ್ಯಕೀಯ ಕಾಲೇಜೊಂದರ ಹೌಸ್ ಸರ್ಜನ್‌ಗಳ, ಅಂದರೆ ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವ ವೈದ್ಯರ, ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನೀವೆಲ್ಲ ಇನ್ನು ಕೆಲವು ತಿಂಗಳಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯುತ್ತೀರಿ. ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್‌ನಲ್ಲಿ ವಿಷಯಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತೀರಿ. ರೇಡಿಯಾಲಜಿ ಸಿಗಲಿಲ್ಲ, ಮೆಡಿಸಿನ್ ಸಿಗಲಿಲ್ಲ, ಹಾಗಾದರೆ ಅನಸ್ತೇಶಿಯಾ ತೆಗೆದುಕೊಳ್ಳೋಣ ಎಂದು ಬರುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಹಾಗೆ ಬಂದವರಲ್ಲಿ ಬಹಳ ಒಳ್ಳೆಯ ವೈದ್ಯರಾದವರೂ ಇದ್ದಾರೆ. ಆದರೆ ಮೊದಲ ಆರು ತಿಂಗಳು ಅವರ ಮುಖದಲ್ಲಿ ಒಂದು ಗೊಂದಲ ಇರುತ್ತದೆ, ತಾವು ಎಲ್ಲಿಗೆ ಬಂದಿದ್ದೇವೆ ಎಂದು. ಆ ಆರು ತಿಂಗಳನ್ನು ಉಳಿಸುವುದಕ್ಕಾಗಿ ನಾನು ಇಂದು ಮಾತನಾಡುತ್ತಿದ್ದೇನೆ.

ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಅರಿವಳಿಕೆ ಎನ್ನುತ್ತೇವೆ. ಅರಿವು ಅಳಿಯುವುದು. ಜನ ಇನ್ನೂ ಸರಳವಾಗಿ 'ಮತ್ತು ಕೊಡುವ ಡಾಕ್ಟರು' ಎನ್ನುತ್ತಾರೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಎರಡೂ ನಮ್ಮ ಕೆಲಸದ ಮೊದಲ ಒಂದೆರಡು ನಿಮಿಷವನ್ನಷ್ಟೇ ಹೇಳುತ್ತವೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫೋಲ್ ಎಂಬ ಔಷಧಿ ರಕ್ತನಾಳದೊಳಗೆ ಹೋದರೆ ಅರ್ಧ ನಿಮಿಷದಲ್ಲಿ ರೋಗಿಯ ಅರಿವು ಹೋಗುತ್ತದೆ. ಅದಕ್ಕೆ ಮೂರು ವರ್ಷದ ಓದು ಬೇಕಿಲ್ಲ. ಅರಿವಿನ ಜೊತೆಗೇ ಉಸಿರೂ ನಿಲ್ಲುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಗಂಟಲನ್ನು ಕಾಪಾಡುವ ಕೆಮ್ಮು ಇಲ್ಲವಾಗುತ್ತದೆ. ಅಲ್ಲಿಂದ ಮುಂದೆ ಆ ಮನುಷ್ಯ ತನಗಾಗಿ ಮಾಡಿಕೊಳ್ಳುತ್ತಿದ್ದ ಕೆಲಸಗಳನ್ನು ನೀವು ಮಾಡಬೇಕು. ಅವನು ಎದ್ದು ತನ್ನ ಹೆಸರು ಹೇಳುವವರೆಗೆ ಮಾಡಬೇಕು. ಓದು ಬೇಕಾಗಿರುವುದು ಇದಕ್ಕೆ.

ಕನ್ನಡದಲ್ಲಿ 'ಕಾಯುವುದು' ಎಂಬ ಮಾತಿಗೆ ಎರಡು ಅರ್ಥ. ಬಸ್ಸಿಗೆ ಕಾಯುತ್ತೇವೆ. ರಾತ್ರಿ ಹೊಲ ಕಾಯುತ್ತೇವೆ. ಹೊರಗಿನಿಂದ ನೋಡುವವರಿಗೆ ನಾವು ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತೇವೆ, ಸ್ಟೂಲಿನ ಮೇಲೆ ಕೂತು ಶಸ್ತ್ರಚಿಕಿತ್ಸೆ ಮುಗಿಯಲಿ ಎಂದು ಕಾದವರ ಹಾಗೆ. ನಿಜವಾಗಿ ನಾವು ಮಾಡುವುದು ಹೊಲ ಕಾಯುವ ಕೆಲಸ.

ಉಸಿರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಆರೋಗ್ಯವಂತ ವಯಸ್ಕ ಉಸಿರು ಬಿಟ್ಟ ಮೇಲೂ ಎದೆಯಲ್ಲಿ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಅದರಲ್ಲಿ ಆಮ್ಲಜನಕ ಐದನೆಯ ಒಂದು ಭಾಗ, ಅಂದರೆ 500 ಮಿಲಿಲೀಟರ್. ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬಳಸುತ್ತದೆ. ಉಸಿರು ನಿಂತರೆ ನಿಮ್ಮ ಕೈಯಲ್ಲಿರುವುದು ಒಂದೆರಡು ನಿಮಿಷ. ಅದಕ್ಕಾಗಿ ನಾವು ಮೊದಲು ಮೂರು ನಿಮಿಷ ಮಾಸ್ಕ್ ಹಿಡಿದು ಶುದ್ಧ ಆಮ್ಲಜನಕ ಕೊಡುತ್ತೇವೆ. ಎದೆಯಲ್ಲಿರುವ ಸಾರಜನಕವೆಲ್ಲ ಹೊರಗೆ ಹೋಗಿ ಆ ಜಾಗ ಆಮ್ಲಜನಕದಿಂದ ತುಂಬುತ್ತದೆ. ಆಗ ಒಂದೆರಡು ನಿಮಿಷದ ಬದಲು ಏಳೆಂಟು ನಿಮಿಷ ಸಿಗುತ್ತದೆ. ಗರ್ಭಿಣಿಗೆ, ಬೊಜ್ಜಿರುವವರಿಗೆ, ಮಕ್ಕಳಿಗೆ ಅಷ್ಟು ಸಿಗುವುದಿಲ್ಲ. ಮಾಸ್ಕ್ ಸಡಿಲವಾಗಿ ಹಿಡಿದರೆ ಯಾರಿಗೂ ಸಿಗುವುದಿಲ್ಲ. ಉಸಿರುನಾಳಕ್ಕೆ ಟ್ಯೂಬ್ ಹಾಕುವುದು ಕಷ್ಟವಾದ ದಿನ ಒಬ್ಬರ ಜೀವ ಉಳಿಯುವುದು ಈ ಮೂರು ನಿಮಿಷದ ತಾಳ್ಮೆಯಿಂದ. ಸರ್ಜನ್ ಅವಸರ ಮಾಡಲಿ, ಮುಂದಿನ ಕೇಸ್ ಬಾಗಿಲಲ್ಲಿ ಇರಲಿ, ಆ ಮೂರು ನಿಮಿಷವನ್ನು ಬಿಟ್ಟುಕೊಡಬೇಡಿ.

ಮಾಸ್ಕ್ ಹಿಡಿಯುವುದು ಎಂದೆ. ಹೊಸಬರು ಮಾಸ್ಕನ್ನು ಮುಖದ ಮೇಲೆ ಒತ್ತುತ್ತಾರೆ. ಒತ್ತಿದರೆ ಗದ್ದ ಹಿಂದಕ್ಕೆ ಹೋಗಿ, ನಾಲಿಗೆ ಬಿದ್ದು, ಗಾಳಿಯ ದಾರಿ ಮುಚ್ಚುತ್ತದೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲಿರಬೇಕು. ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ ಹೋಗಿ ಮುಖವನ್ನೇ ಮಾಸ್ಕಿನ ಕಡೆಗೆ ಎತ್ತಬೇಕು. ಮೂಳೆಯ ಮೇಲೆ ಮಾತ್ರ, ಮೆದು ಭಾಗದ ಮೇಲೆ ಬೆರಳು ಊರಬಾರದು. ಬಲಗೈಯಲ್ಲಿ, ಒತ್ತಿ ಉಸಿರು ಕೊಡುವ ಬ್ಯಾಗ್ ಇರುತ್ತದೆ. ಎದೆ ಗಟ್ಟಿಯಾಗಿದೆಯೇ, ಎಲ್ಲೋ ಗಾಳಿ ಸೋರುತ್ತಿದೆಯೇ, ರೋಗಿ ತಾನೇ ಉಸಿರಾಡಲು ಶುರು ಮಾಡಿದನೇ, ಇವೆಲ್ಲ ಆ ಕೈಗೆ ತಿಳಿಯುತ್ತವೆ. ಮಾನಿಟರ್ ಹೇಳುವ ಮೊದಲೇ ತಿಳಿಯುತ್ತವೆ. ನನ್ನ ಗುರುಗಳು ಇಡೀ ಶಸ್ತ್ರಚಿಕಿತ್ಸೆಯುದ್ದಕ್ಕೂ ಒಂದು ಬೆರಳನ್ನು ರೋಗಿಯ ಕಿವಿಯ ಮುಂದಿನ ನಾಡಿಯ ಮೇಲೆ ಇಟ್ಟುಕೊಂಡಿರುತ್ತಿದ್ದರು. ಮಾನಿಟರ್ ಇಲ್ಲದ ಕಾಲದ ಅಭ್ಯಾಸ ಎಂದುಕೊಂಡಿದ್ದೆ. ವಿದ್ಯುತ್ ಹೋಗಿ ಜನರೇಟರ್ ಶುರುವಾಗದ ಒಂದು ರಾತ್ರಿ ಕತ್ತಲಲ್ಲಿ ಅವರು 'ನಾಡಿ 88, ಚೆನ್ನಾಗಿದೆ, ನೀವು ಬ್ಯಾಗ್ ಒತ್ತುತ್ತಿರಿ' ಎಂದಾಗ ಅದು ಯಾಕೆಂದು ತಿಳಿಯಿತು.

ಈ ದಿನದ ಕಥೆ ನಿಮಗೆ ಗೊತ್ತಿದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಅರಿವು ತೆಗೆಯುವ ಈಥರ್ ಆವಿ ಕೊಟ್ಟರು, ಜಾನ್ ವಾರೆನ್ ಕತ್ತಿನ ಗೆಡ್ಡೆಗೆ ಕತ್ತರಿ ಹಾಕಿದರು, ರೋಗಿ ಕಿರುಚಲಿಲ್ಲ. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂತು. ನಾನು ಹೇಳಬೇಕೆಂದಿರುವುದು ಅದಾದ ಮೇಲಿನ ಒಂದು ಸಾವಿನ ವಿಷಯ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಅರಿವು ತೆಗೆಯುವ ಇನ್ನೊಂದು ಔಷಧಿಯಾದ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಕ್ಲೋರೋಫಾರ್ಮ್ ಬಳಕೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಶಸ್ತ್ರಚಿಕಿತ್ಸೆ ಏನೆಂದರೆ ಕಾಲ್ಬೆರಳಿನ ಉಗುರು ತೆಗೆಯುವುದು. ಹಿಂದೊಮ್ಮೆ ಇನ್ನೊಂದು ಉಗುರನ್ನು ಈಥರ್ ಕೊಟ್ಟು ತೆಗೆದಾಗ ಅವಳ ಜೀವಕ್ಕೆ ಏನೂ ಆಗಿರಲಿಲ್ಲ. 'ಸಣ್ಣ ಆಪರೇಷನ್ ಮೇಡಂ, ಐದು ನಿಮಿಷ, ಸ್ವಲ್ಪ ಮತ್ತು ಕೊಡಿ ಸಾಕು' ಎಂದು ಯಾರಾದರೂ ನನ್ನನ್ನು ಕೇಳಿದಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ. ಶಸ್ತ್ರಚಿಕಿತ್ಸೆ ಸಣ್ಣದಿರಬಹುದು. ಸಣ್ಣ ಅರಿವಳಿಕೆ ಎಂಬುದಿಲ್ಲ.

ನಮ್ಮ ನೆರೆಯಲ್ಲೇ ನಡೆದ ಇನ್ನೊಂದು ಕಥೆ ಇದೆ. 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ, ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರಿಶೀಲಿಸುವ ಎರಡು ಆಯೋಗಗಳು ಕೆಲಸ ಮಾಡಿದವು. ಇಂದಿನ ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ನಿಜಾಮರ ಆಡಳಿತದಲ್ಲಿದ್ದವು. ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನು ಮಾತ್ರ ನೋಡಿದರೆ ಸಾಕು, ಉಸಿರು ನಿಲ್ಲದೆ ಹೃದಯ ನಿಲ್ಲುವುದಿಲ್ಲ ಎಂದು ವಾದಿಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಆಯೋಗವೂ ಹಾಗೆಯೇ ಹೇಳಿತು. ಅದು ತಪ್ಪಾಗಿತ್ತು. ಕ್ಲೋರೋಫಾರ್ಮ್ ನೇರವಾಗಿ ಹೃದಯದ ಲಯವನ್ನೇ ಕೆಡಿಸಬಲ್ಲದು ಎಂಬುದನ್ನು 1911ರಲ್ಲಿ ಬ್ರಿಟಿಷ್ ವೈದ್ಯ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಉಸಿರನ್ನು ಗಮನಿಸಿ ಎಂದು ಹಟ ಹಿಡಿದದ್ದರಲ್ಲಿ ಲಾರಿ ಸರಿ. ಅದೊಂದೇ ಸಾಕು ಎಂದದ್ದರಲ್ಲಿ ತಪ್ಪು. ಅದೇ ಹೈದರಾಬಾದಿನಲ್ಲಿ ಓದಿ ಅಲ್ಲೇ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾದವರು ಡಾ. ರೂಪಾಬಾಯಿ ಫರ್ದೂನ್‌ಜಿ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಅವರನ್ನು ಎಣಿಸುತ್ತಾರೆ. ಇಲ್ಲಿ ಕೂತಿರುವ ಹೆಣ್ಣುಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ 'ಇದೆಲ್ಲ ಹೆಂಗಸರಿಗೆ ಆಗುವ ಕೆಲಸವೇ?' ಎಂದರೆ ಈ ಹೆಸರನ್ನು ಹೇಳಿ.

ಇನ್ನು ನಾನು ಮಾಡಿದ ಒಂದು ತಪ್ಪಿನ ವಿಷಯ. ಸ್ನಾತಕೋತ್ತರ ಎರಡನೆಯ ವರ್ಷ. ಬೈಕಿನಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದ ಹುಡುಗ. ರಾತ್ರಿ ಹತ್ತಕ್ಕೆ ಟೇಬಲ್ ಮೇಲೆ ಬಂದ. 'ಊಟ ಮಾಡಿದ್ದೀಯಾ?' ಎಂದೆ. 'ಇಲ್ಲ ಮೇಡಂ' ಎಂದ. 'ಯಾವಾಗ ಮಾಡಿದ್ದು?' 'ಮಧ್ಯಾಹ್ನ ಒಂದಕ್ಕೆ.' ಒಂಬತ್ತು ಗಂಟೆಯಾಗಿದೆ, ಸಾಕು ಎಂದುಕೊಂಡೆ. ಔಷಧಿ ಕೊಟ್ಟು ಮಾಸ್ಕ್ ಹಿಡಿದಾಗ ಅವನ ಬಾಯಿಂದ ಮಂಡಕ್ಕಿ, ಮಿರ್ಚಿ ಬಜ್ಜಿಯ ತುಂಡು ಹೊರಬಂದವು. ಟೇಬಲ್ಲಿನ ತಲೆ ಕೆಳಗೆ ಮಾಡಿ, ಪಕ್ಕಕ್ಕೆ ಹೊರಳಿಸಿ, ಸಕ್ಷನ್ ಹಾಕಿ, ಟ್ಯೂಬ್ ಹಾಕಿದೆವು. ಆದರೂ ಒಂದಷ್ಟು ಶ್ವಾಸಕೋಶಕ್ಕೆ ಹೋಗಿತ್ತು. ಮೂರು ದಿನ ವೆಂಟಿಲೇಟರ್ ಮೇಲಿದ್ದ. ನಾಲ್ಕನೆಯ ದಿನ ತಾನೇ ಉಸಿರಾಡಿದ. ಆ ಮೂರು ರಾತ್ರಿ ನಾನು ಹಾಸ್ಟೆಲ್ಲಿಗೆ ಹೋಗಲಿಲ್ಲ. ಅವನ ತಾಯಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನಾನು ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಹುಡುಗ ಸುಳ್ಳು ಹೇಳಿರಲಿಲ್ಲ. ನಮ್ಮ ಜನರ ಬಾಯಲ್ಲಿ ಊಟ ಎಂದರೆ ಅನ್ನ, ರೊಟ್ಟಿ, ಮುದ್ದೆ. ಮಂಡಕ್ಕಿ ಊಟವಲ್ಲ. ಅವಲಕ್ಕಿ ತಿಂಡಿ. ಬಾಳೆಹಣ್ಣು, ಚಹಾದ ಜೊತೆಗಿನ ಬಿಸ್ಕತ್ತು ಯಾವುದರ ಲೆಕ್ಕಕ್ಕೂ ಸೇರುವುದಿಲ್ಲ. ಉಪವಾಸದ ದಿನವೂ ಜನ ಫಲಾಹಾರ ಮಾಡುತ್ತಾರೆ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಎರಡನೆಯ ತಪ್ಪು ಗಂಟೆ ಎಣಿಸಿದ್ದು. ಪೆಟ್ಟು ಬಿದ್ದ ಕ್ಷಣದಿಂದ ನೋವಿಗೂ ಭಯಕ್ಕೂ ಹೊಟ್ಟೆ ಖಾಲಿಯಾಗುವುದು ನಿಂತುಬಿಡಬಹುದು. ಎಣಿಸಬೇಕಾದದ್ದು ತಿಂದದ್ದಕ್ಕೂ ಬಿದ್ದದ್ದಕ್ಕೂ ನಡುವಿನ ಸಮಯವನ್ನು. ಅವನು ಮೂರೂವರೆಗೆ ಮಂಡಕ್ಕಿ ತಿಂದು ನಾಲ್ಕಕ್ಕೆ ಬಿದ್ದಿದ್ದ. ಲೆಕ್ಕದಲ್ಲಿ ಅದು ಅರ್ಧ ಗಂಟೆ. ತುಂಬಿದ ಹೊಟ್ಟೆ ಎಂದೇ ತಿಳಿದು ನಡೆಯಬೇಕಿತ್ತು.

ಅಂದಿನಿಂದ ನಾನು ಒಂದೊಂದಾಗಿ ಕೇಳುತ್ತೇನೆ: ಚಹಾ ಕುಡಿದಿರಾ, ಹಾಲು ಹಾಕಿದ್ದೋ ಇಲ್ಲವೋ, ಬಾಯಿಗೆ ಏನಾದರೂ ಹಾಕಿಕೊಂಡಿರಾ, ಎಲೆ ಅಡಿಕೆ, ಗುಟ್ಕಾ, ಪ್ರಸಾದ. ಪ್ರಸಾದ ಎಂದಾಗ ಎಷ್ಟೋ ಜನರಿಗೆ ನೆನಪಾಗುತ್ತದೆ. ಮಗುವಾದರೆ ತಾಯಿಯನ್ನಷ್ಟೇ ಕೇಳಿ ಬಿಡಬೇಡಿ, ಅಜ್ಜಿಯನ್ನೂ ಕೇಳಿ. ಅರಿವಳಿಕೆಗೆ ಮೊದಲು ಬಿಡಬೇಕಾದ ಅಂತರ ನೀರಿಗೆ 2 ಗಂಟೆ, ತಾಯಿಹಾಲಿಗೆ 4, ಹಗುರ ಆಹಾರಕ್ಕೆ 6, ಕರಿದದ್ದು, ಮಾಂಸಕ್ಕೆ 8. ಈ ಸಂಖ್ಯೆಗಳು ಪುಸ್ತಕದಲ್ಲಿವೆ. ರೋಗಿಯಿಂದ ಉತ್ತರ ಹೊರಡಿಸುವಂಥ ಕನ್ನಡ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ವಾರ್ಡಿನಲ್ಲಿ ಕಲಿಯಬೇಕು. ಇದರ ಇನ್ನೊಂದು ಮುಖವೂ ಇದೆ. 'ಖಾಲಿ ಹೊಟ್ಟೆಯಲ್ಲಿರಿ' ಎಂದರೆ ಬಿಪಿ ಮಾತ್ರೆಯನ್ನೂ ನುಂಗದೆ ಬರುವವರಿದ್ದಾರೆ. ಯಾವ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹಿಂದಿನ ಸಂಜೆ ನೀವೇ ಹೋಗಿ ಹೇಳಬೇಕು.

ಓದಿನ ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದು ನಿಮಗೆ ಬಹುಪಾಲು ಗೊತ್ತಿರುವುದೇ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆಮೇಲೆ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮೂರು ವರ್ಷ. ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಅದಾದ ಮೇಲೂ ಓದುವ ಆಸೆ ಇದ್ದರೆ ಹೃದಯ, ನರಶಸ್ತ್ರಚಿಕಿತ್ಸೆ, ಮಕ್ಕಳ ಅರಿವಳಿಕೆ, ತೀವ್ರ ನಿಗಾ ಹೀಗೆ ಒಂದೊಂದು ಕವಲಿನಲ್ಲಿ ಮೂರು ವರ್ಷದ ಉನ್ನತ ಪದವಿ, ಡಿಎಂ. ನರಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಜಾಗ ನಮ್ಮ ರಾಜ್ಯದಲ್ಲೇ ಇದೆ, ಅದನ್ನು ಮರೆಯಬೇಡಿ. ನೋವು ಚಿಕಿತ್ಸೆ, ಉಪಶಮನ ಆರೈಕೆ, ಹೆರಿಗೆಯ ನೋವು ಕಡಿಮೆ ಮಾಡುವ ಎಪಿಡ್ಯುರಲ್, ಇವೆಲ್ಲ ನಮ್ಮ ಕವಲುಗಳೇ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ರಾತ್ರಿ ಎಷ್ಟು ತುರ್ತು ಶಸ್ತ್ರಚಿಕಿತ್ಸೆ ನಡೆಯುತ್ತವೆ, ಕಷ್ಟದ ಕೇಸಿನಲ್ಲಿ ಹಿರಿಯರು ಎದ್ದು ಬರುತ್ತಾರೆಯೇ, ಇವೆರಡನ್ನು ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕೇಳಿ.

ಆಮೇಲಿನ ಬದುಕು? ದೊಡ್ಡ ಆಸ್ಪತ್ರೆ, ಸರ್ಕಾರಿ ಸೇವೆ, ಬೋಧನೆ, ಇವು ನಿಮಗೆ ಕಾಣುತ್ತವೆ. ಜಿಲ್ಲಾ ಪಟ್ಟಣಗಳಲ್ಲಿ, ತಾಲ್ಲೂಕುಗಳಲ್ಲಿ ಬೇರೆ ಬಗೆಯ ಬದುಕಿದೆ. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಬ್ಯಾಗ್. ಅದರಲ್ಲಿ ಗಂಟಲೊಳಗೆ ನೋಡಿ ಟ್ಯೂಬ್ ಹಾಕಲು ಬೇಕಾದ ಲ್ಯಾರಿಂಗೋಸ್ಕೋಪ್, ಹೊಸ ಬ್ಯಾಟರಿ, ಎಲ್ಲ ಅಳತೆಯ ಟ್ಯೂಬ್, ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್, ತುರ್ತು ಔಷಧಿ. ಬೆಳಿಗ್ಗೆ ಒಂದು ನರ್ಸಿಂಗ್ ಹೋಂನಲ್ಲಿ ಹರ್ನಿಯಾ, ಹನ್ನೊಂದಕ್ಕೆ ಇನ್ನೊಂದರಲ್ಲಿ ಗರ್ಭಕೋಶ, ರಾತ್ರಿ ಎರಡಕ್ಕೆ ಸಿಸೇರಿಯನ್ನಿಗೆ ಫೋನ್. ಕೇಸಿಗೆ ಇಷ್ಟು ಎಂದು ಹಣ. ಸಂಪಾದನೆ ಚೆನ್ನಾಗಿಯೇ ಇರುತ್ತದೆ. ಅಪಾಯವೂ ಅಲ್ಲೇ ಇದೆ. ಇಲ್ಲಿ ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಟ್ಟು, 'ಸಿಸ್ಟರ್, ಬಿಪಿ ನೋಡಿಕೊಳ್ಳಿ' ಎಂದು ಹೇಳಿ, ಮುಂದಿನ ಆಸ್ಪತ್ರೆಗೆ ಹೊರಟುಬಿಡುವ ಆಸೆ ಬರುತ್ತದೆ. ಹಾಗೆ ಹೊರಟವರನ್ನು ನಾನು ಬಲ್ಲೆ. ಬೇರೆ ಯಾವ ತಪ್ಪನ್ನಾದರೂ ನಾನು ಕೂತು ಚರ್ಚಿಸುತ್ತೇನೆ. ಅರಿವು ತೆಗೆದ ಮೇಲೆ, ಸೊಂಟದ ಕೆಳಗಿನ ಬಲ ತೆಗೆದ ಮೇಲೆ, ರೋಗಿಯನ್ನು ಬಿಟ್ಟು ಹೋಗುವುದನ್ನು ಚರ್ಚಿಸುವುದಕ್ಕೆ ನನ್ನಲ್ಲಿ ಮಾತಿಲ್ಲ. ಹೋಗಬಾರದು ಅಷ್ಟೇ. ಸರ್ಜನ್ ಮುಂದಿನ ಸಲ ನಿಮ್ಮನ್ನು ಕರೆಯದಿದ್ದರೆ ಕರೆಯದಿರಲಿ.

ಹಾಗೆಯೇ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿದ್ದಾರೋ ಇಲ್ಲವೋ ಎಂಬುದರ ಮೇಲೆ ಅಲ್ಲಿ ಸಿಸೇರಿಯನ್ ನಡೆಯುತ್ತದೋ ಇಲ್ಲವೋ ಎಂಬುದು ನಿಂತಿದೆ. ಹೆರಿಗೆ ತಜ್ಞರಿದ್ದು, ಶಸ್ತ್ರಚಿಕಿತ್ಸಾ ಕೊಠಡಿ (ಓಟಿ) ಇದ್ದು, ರಕ್ತವಿದ್ದು, ನಾವಿಲ್ಲದಿದ್ದರೆ ಆ ತಾಯಿ ಆಂಬುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊರಡಬೇಕು. ಈ ಕೊರತೆಗಾಗಿಯೇ ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ಜೀವರಕ್ಷಕ ಅರಿವಳಿಕೆ ತರಬೇತಿಯನ್ನು ಸರ್ಕಾರ ಶುರು ಮಾಡಬೇಕಾಯಿತು. ನಿಮ್ಮಲ್ಲಿ ಒಂದಿಬ್ಬರಾದರೂ ಎರಡು ಮೂರು ವರ್ಷ ಅಂಥ ಊರಿನಲ್ಲಿ ಕೆಲಸ ಮಾಡಬೇಕು ಎಂದು ನನಗೆ ಬಹಳ ಆಸೆ ಇದೆ.

ಐಸಿಯು ಎಲ್ಲಿಂದ ಬಂತು ಗೊತ್ತೇ? 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು, ಯುವಕರು ದಿನವೂ ಬರುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಅವರು ಓಟಿಯಲ್ಲಿ ದಿನವೂ ಮಾಡುತ್ತಿದ್ದುದನ್ನೇ ವಾರ್ಡಿಗೆ ತಂದರು: ಟ್ಯೂಬಿನ ಮೂಲಕ ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಡುವುದು. ಇಲ್ಲಿ ಟ್ಯೂಬನ್ನು ಕತ್ತಿನಲ್ಲಿ ರಂಧ್ರ ಮಾಡಿ ಹಾಕಿದರು. ಅಷ್ಟು ಯಂತ್ರಗಳಿರಲಿಲ್ಲ. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಬಂದು, ತಿಂಗಳುಗಟ್ಟಲೆ, ಹಗಲು ರಾತ್ರಿ ಬ್ಯಾಗ್ ಒತ್ತಿದರು. ನಿಮ್ಮ ವಯಸ್ಸಿನವರು, ಪರೀಕ್ಷೆ ಮುಂದಿದ್ದವರು. ಒಬ್ಬೊಬ್ಬ ರೋಗಿಯ ತಲೆದೆಸೆಯಲ್ಲಿ ಒಬ್ಬೊಬ್ಬರು. ಸಾವಿನ ಪ್ರಮಾಣ ಬಹಳವಾಗಿ ಇಳಿಯಿತು. ಇಂದಿನ ಐಸಿಯು ಬೆಳೆದದ್ದು ಆ ವಾರ್ಡಿನಿಂದ. ಕೋವಿಡ್ ಕಾಲದಲ್ಲಿ ಪಿಪಿಇ ತೊಟ್ಟು ವೆಂಟಿಲೇಟರ್ ಪಕ್ಕ ನಿಂತಾಗ ನಾವು ಮಾಡಿದ್ದೂ ಅದೇ ಕೆಲಸ.

ಕಷ್ಟಗಳನ್ನೂ ಮುಚ್ಚಿಡದೆ ಹೇಳಬೇಕು. ನಿದ್ದೆ ಕೆಡುತ್ತದೆ. ರೋಗಿ ಮನೆಗೆ ಹೋಗುವಾಗ ಸರ್ಜನ್ನರ ಹೆಸರು ಹೇಳಿ ಕೈಮುಗಿಯುತ್ತಾನೆ, ನಿಮ್ಮ ಹೆಸರು ಅವನಿಗೆ ಗೊತ್ತಿರುವುದಿಲ್ಲ. ಸಿಸೇರಿಯನ್ ಆಗಿ ಹತ್ತು ವರ್ಷವಾದರೂ ಸೊಂಟ ನೋವಿಗೆಲ್ಲ 'ಅವತ್ತು ಬೆನ್ನಿಗೆ ಕೊಟ್ಟ ಇಂಜೆಕ್ಷನ್' ಕಾರಣ ಎನ್ನುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೆಲವರಿಗೆ ಎದ್ದು ಕೂತರೆ ಹೆಚ್ಚುವ ತಲೆನೋವು ಬರುತ್ತದೆ, ಸೂಜಿ ಸಣ್ಣದಾದಷ್ಟೂ ಅದು ಕಡಿಮೆ. ವರ್ಷಗಟ್ಟಲೆಯ ಸೊಂಟನೋವಿಗೆ ಸ್ಪೈನಲ್ ಕಾರಣವಲ್ಲ. ಇದನ್ನು ತಾಳ್ಮೆಯಿಂದ, ಪ್ರತಿ ತಾಯಿಗೂ, ಸೂಜಿ ಹಾಕುವ ಮೊದಲೇ ಹೇಳಬೇಕು. ಇನ್ನೊಂದು ಮಾತು. ಫೆಂಟನಿಲ್‌ನಂಥ, ಚಟ ಹಿಡಿಸಬಲ್ಲ ತೀವ್ರ ನೋವುನಿವಾರಕ ಔಷಧಿಗಳು ದಿನವೂ ನಮ್ಮ ಕೈಯಲ್ಲಿರುತ್ತವೆ. ದಣಿವು, ಒಂಟಿತನ ಕೂಡಿದಾಗ ಅವುಗಳಿಗೆ ಬಲಿಯಾದ ವೈದ್ಯರು ಜಗತ್ತಿನ ಎಲ್ಲ ಕಡೆ ಇದ್ದಾರೆ. ನಿಮ್ಮ ಗೆಳೆಯನ ನಡವಳಿಕೆ ಬದಲಾಗಿದೆ ಎನಿಸಿದರೆ ಸುಮ್ಮನಿರಬೇಡಿ. ಹಿರಿಯರಿಗೆ ಹೇಳಿ. ಅದು ಚಾಡಿ ಹೇಳಿದಂತಲ್ಲ.

ಹಾಗಿದ್ದೂ ಯಾಕೆ ಈ ಕೆಲಸ ಎಂದು ಕೇಳಿದರೆ ನಾನು ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಎಂಬತ್ತು ದಾಟಿದ ಬಡಗಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು. ಬೆನ್ನು ಗಂಟುಗಂಟಾಗಿ ಬಾಗಿತ್ತು, ಎರಡು ಸಲ ಸ್ಪೈನಲ್ ಸೂಜಿ ಮೂಳೆಗೆ ತಗುಲಿತು. ಮೂರನೆಯ ಸಲ, ಬೆರಳಿಗೆ ಮಾತ್ರ ತಿಳಿಯುವ ಒಂದು ಸಣ್ಣ ಸಡಿಲ, ಆಮೇಲೆ ಸೂಜಿಯ ತುದಿಯಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವದ, ನೀರಿನಂಥ ಒಂದು ಹನಿ. ಆ ಹನಿ ಕಂಡಾಗ ಇಷ್ಟು ವರ್ಷದ ಮೇಲೂ ನನ್ನ ಎದೆ ಹಗುರಾಗುತ್ತದೆ. ಮೂಳೆ ವೈದ್ಯರು ಸುತ್ತಿಗೆ ಹಿಡಿದರು. ಅಜ್ಜ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿ, 'ತಂಗೀ, ಅವರು ಹೊಡೆಯುತ್ತಿರುವುದು ನನ್ನ ಕಾಲಿಗೇ ಅಲ್ಲವೇ?' ಎಂದ. 'ಹೌದು ಅಜ್ಜ. ನೋವಾಯಿತೇ?' ಎಂದೆ. 'ನೋವಿಲ್ಲ. ಆದರೆ ನೀನು ಎಲ್ಲೂ ಹೋಗಬೇಡ' ಎಂದ. ಪರದೆಯ ಈಚೆ ಅವನ ಕೈ ಹುಡುಕುತ್ತಿತ್ತು. ಆ ಅಂಗೈಯಲ್ಲಿ ಉಳಿ ಹಿಡಿದು ಹಿಡಿದು ಆದ ಗಟ್ಟಿ ಗಂಟುಗಳಿದ್ದವು. ಒಂದೂವರೆ ಗಂಟೆ ನನ್ನ ಎಡಗೈ ಅಲ್ಲೇ ಇತ್ತು, ಬಿಪಿ ಬರೆಯುವಾಗ ಕೂಡ.

ನಾಳೆ ಬೆಳಿಗ್ಗೆ ಏಳೂವರೆಗೆ ಓಟಿಯಲ್ಲಿ ಮೊದಲ ಕೇಸ್ ಇದೆ. ಏಳಕ್ಕೆ ಬಂದವರಿಗೆ ಯಂತ್ರ ಪರೀಕ್ಷಿಸುವುದನ್ನು ತೋರಿಸುತ್ತೇನೆ, ಆಮೇಲೆ ಮಾಸ್ಕ್ ಹಿಡಿಯುವುದನ್ನು. ಉಗುರು ಕತ್ತರಿಸಿಕೊಂಡು ಬನ್ನಿ. ಬಂದವರು ರೋಗಿ ಎದ್ದು, ವಾರ್ಡ್ ಸೇರುವವರೆಗೆ ಇರಬೇಕು.